ಬೇಳೆ ಮಿಲ್ಲಿನ ಸರ್ವರಿಗೆ ಮಾಲೀಕರು ಯಾರು?

ಮಸ್ಕತ್ತು, ನೈರೋಬಿ, ಹಾಂಕಾಂಗ್ ಎಲ್ಲ ಸುತ್ತಿದವಳು ನಾನು. ಆದರೂ ನನ್ನ ಜಾಣತನಕ್ಕೆ ಪೆಟ್ಟು ಬೀಳುವುದು ದಿನಕ್ಕೆ ನಾಲ್ಕು ಬಸ್ಸು ಬರುವ ಊರುಗಳಲ್ಲೇ.

ತೊಂಬತ್ತರ ದಶಕದ ಕೊನೆ. ತೊಗರಿಬೇಳೆ ಮಿಲ್ಲಿನ ಅಣ್ಣತಮ್ಮಂದಿರು ಮೂವರು. ಮೂರು ಊರು, ಮೂರು ಸರ್ವರು. ಅವುಗಳಲ್ಲಿ ಫೈಲುಗಳನ್ನು ಇಡುವ ಹಳೆಯ ವ್ಯವಸ್ಥೆ ತೆಗೆದು ಹೊಸದನ್ನು ಕೂಡಿಸುವುದು ನನ್ನ ಕೆಲಸ. ಹಳೆಯದರಲ್ಲಿ ಯಾರು ಬೇಕಾದರೂ ಯಾವ ಫೈಲನ್ನಾದರೂ ತೆರೆಯಬಹುದಿತ್ತು. ಹೊಸದಕ್ಕೆ ಒಬ್ಬ ಮಾಲೀಕ ಬೇಕು. ಮೂರೂ ಮುಗಿಸಿ ಶನಿವಾರ ಸಂಜೆಯ ಮುಂಬಯಿ ರೈಲು ಹಿಡಿದರೆ ಸಿಂಗಾಪುರದ ಕೆಲಸ ನನ್ನದು, ತಪ್ಪಿದರೆ ಬೇರೆಯವರದು.

ಆಳಂದ

"ಇದರ ಮಾಲೀಕರು ಯಾರ್ರಿ?" ಅಂದೆ. ಹಿರಿಯಣ್ಣ ಚಹಾದ ಬಸಿ ಕೆಳಗಿಟ್ಟರು.

"ಮೆಲ್ಲಕ ಮಾತಾಡ್ರಿ ಬಾಯಾರ! ಈ ಮಾತು ನಮ್ಮ ಮನ್ಯಾಗ ಇನ್ನಾ ಯಾರೂ ಕೇಳಿಲ್ಲ. ನನ್ನ ಹೆಸರು ಹಾಕಿದ್ರ ನಾಳೆನೇ ಪಾಲು ಆಗ್ತದ. ಮೂರೂ ಕಡೆ ಅವ್ವಂದು ಹಾಕ್ರಿ."

ಅವ್ವ ಬಂದರು. ಪಾಸ್‌ವರ್ಡ್ ಅಂದರೇನೆಂದು ತಿಳಿಸಿ, "ಯಾರಿಗೂ ಹೇಳಬ್ಯಾಡ್ರಿ" ಅಂದೆ. ಕನ್ನಡಕ ಏರಿಸಿ, ಒಂದೇ ಬೆರಳಿನಿಂದ ಒತ್ತಿದರು. ನಿಯಮದ ಪುಸ್ತಕದಲ್ಲಿದ್ದಂತೆ, ಸರ್ವರು ತೆರೆಯುವ ನನ್ನ ಅಧಿಕಾರವನ್ನು ನಾನೇ ಅಳಿಸಿ, ನನ್ನ ಬೆನ್ನನ್ನೂ ನಾನೇ ತಟ್ಟಿಕೊಂಡೆ.

ಅಫಜಲಪುರ

ಅವ್ವ ನನ್ನ ಜೀಪಿನಲ್ಲೇ ಬಂದರು. ನಡುವಣ್ಣ ಕೇಳಿದರು: "ಹೊಸಾದು ಕೆಟ್ರ ಹಳೇದಕ್ಕ ವಾಪಸ್ ಹೋಗ್ತದೇನ್ರಿ?"

"ಇಲ್ರಿ."

ಎದ್ದು ಹೋಗಿ ವಿಭೂತಿ ತಂದು ಸರ್ವರಿಗೆ ಹಚ್ಚಿದರು. ಆಮೇಲೆ ನನ್ನ ಹಣೆಗೂ.

"ನನಗ್ಯಾಕ್ರಿ?"

"ಅದು ಕೆಟ್ರ ನೀವೂ ವಾಪಸ್ ಹೋಗಂಗಿಲ್ಲಲ್ರೀ!"

ಜೇವರ್ಗಿ

ಶನಿವಾರ ಮುಂಜಾನೆ ಅವ್ವ ಮೂರನೆಯದಕ್ಕೂ ಪಾಸ್‌ವರ್ಡ್ ಒತ್ತಿ, ಭಾಗ್ಯವಂತಿ ದೇವಿಯ ದರ್ಶನಕ್ಕೆಂದು ಘತ್ತರಗಿಗೆ ಹೊರಟರು. ನಾನು ಚೀಲ ಹೆಗಲಿಗೇರಿಸುವಷ್ಟರಲ್ಲಿ ಕರೆಂಟು ಹೋಗಿ ಬಂತು. ಸರ್ವರು ಪಾಸ್‌ವರ್ಡ್ ಕೇಳಿತು. ನನ್ನ ಅಧಿಕಾರ ಇಲ್ಲೂ ಅಳಿಸಿಯಾಗಿತ್ತು, ಅವ್ವನ ಮಕ್ಕಳಿಗೆ ಅನುಮತಿ ಕೊಡುವುದನ್ನು ಮರೆತಿದ್ದೆ! ಬಿಲ್ಲುಗಳು ಸರ್ವರಿನ ಒಳಗೆ, ಬೇಳೆ ತುಂಬಿದ ಲಾರಿಗಳು ಹೊರಗೆ, ಹಾರನ್ನು ನನ್ನ ತಲೆಯಲ್ಲಿ.

"ಸಿಂಗಾಪುರ ಬಾಯಾರ, ತೆಗೀರಿ ಮತ್ತ!" ಅಂದರು ಕಿರಿಯಣ್ಣ.

ಜೀಪು ಓಡಿಸಿಕೊಂಡು ಘತ್ತರಗಿಗೆ ಹೋದೆ. ಅವ್ವ ಭೀಮಾ ದಂಡೆಯಲ್ಲಿ ಕಾಲು ತೊಳೆಯುತ್ತಿದ್ದರು.

"ಅವ್ವಾರ, ಪಾಸ್‌ವರ್ಡ್ ಹೇಳ್ರಿ."

"ಯಾರಿಗೂ ಹೇಳಬ್ಯಾಡ ಅಂದಾಕಿ ನೀನೇ ಅಲ್ಲೇನಬೇ?"

"ನನಗೊಬ್ಬಾಕಿಗೆ ಹೇಳಬಹುದ್ರಿ!"

"ನನ್ನ ಮೂರೂ ಮಕ್ಕಳು ಒಬ್ಬೊಬ್ಬರೇ ಬಂದು ಹಿಂಗೇ ಅಂದ್ರು," ಎಂದು ಸೆರಗಿನಿಂದ ಕೈ ಒರೆಸಿಕೊಂಡರು. "ನಾನೇ ಬರ್ತೇನಿ ನಡಿ. ದರ್ಶನ ಆಗ್ಲಿ, ಪ್ರಸಾದ ಆಗ್ಲಿ."

ಎಲ್ಲ ಆಗಿ ಜೇವರ್ಗಿ ಮುಟ್ಟಿದಾಗ ಸಂಜೆ. ಅವ್ವ ಕುರ್ಚಿಯ ಮೇಲೆ ಕೂತು ಬೆರಳೆತ್ತಿದರು. ನಾನು ಆಸೆಯಿಂದ ಬಗ್ಗಿದೆ.

"ಆಕಡೆ ಮಾರಿ ಮಾಡಬೇ!"

ಗುಲ್ಬರ್ಗಾದಿಂದ ಮುಂಬಯಿ ರೈಲು ಹೊರಡುವ ಹೊತ್ತಿಗೆ, ದೇಶ ವಿದೇಶ ಸುತ್ತಿದ ಈ ಇಂಜಿನಿಯರು ಕಿರಿಯಣ್ಣನ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು, ಹಣೆಯ ಮೇಲೆ ಅಳಿದುಳಿದ ವಿಭೂತಿ ಸಮೇತ.