ಅಂತರ್ಜಾಲದ ಅಂಗಳ ಗುಡಿಸುವ ನಮ್ಮತ್ತೆ

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ದಿನಾ ಬೆಳಿಗ್ಗೆ ಎದ್ದು ಕೊಟ್ಟೂರಿನಿಂದ ಹರಪನಹಳ್ಳಿವರೆಗಿನ ಅಂತರ್ಜಾಲವನ್ನು ಕಸ ಹೊಡೆದು, ನೀರು ಚಿಮುಕಿಸಿ, ಆಮೇಲೆ ಚಹಾ ಕುಡಿಯುತ್ತಾಳೆ ಎಂದರೆ ನೀವು ನಗುತ್ತೀರಿ. ನಗಿ! ನಾನೂ ಮೊದಲು ನಕ್ಕವನೇ. ಒಂದು ಸಲ ಅವಳ ಕೈಲಿ ವೆಬ್‌ಸೈಟ್ ಮಾಡಿಸಿಕೊಳ್ಳಿ, ಆಮೇಲೆ ನಿಮ್ಮ ನಗು ಎಷ್ಟು ದಿನ ಉಳಿಯುತ್ತದೋ ನೋಡೋಣ.

ಅತ್ತೆ ಬಿ.ಕಾಂ. ಓದಿ, ಕೊಟ್ಟೂರಿನಲ್ಲಿ ಬಹಳ ವರ್ಷ ಕುಪ್ಪಸ ಹೊಲಿದವಳು. ಒಂದು ದಿನ ಏನು ಹೊಳೆಯಿತೋ, ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಕಂಪ್ಯೂಟರ್ ಕ್ಲಾಸಿಗೆ ಸೇರಿಬಿಟ್ಟಳು. ಈಗ ಸುತ್ತಲಿನ ಅಂಗಡಿ, ಖಾನಾವಳಿ, ದವಾಖಾನೆಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಾಳೆ. ಕಸುಬು ಬದಲಾಯಿತು, ಬುದ್ಧಿ ಬದಲಾಗಬೇಕಲ್ಲ? "ರೆಡಿಮೇಡ್ ಕುಪ್ಪಸ ಯಾರ ಮೈಗೆ ಸರಿಯಾಗಿ ಕುಂದ್ರತೈತಿ? ವೆಬ್‌ಸೈಟೂ ಅಳತಿ ತಗೊಂಡ ಹೊಲಿಬೇಕು" ಎನ್ನುತ್ತಾಳೆ. ಅಳತೆ ತೆಗೆಯುವುದೆಂದರೆ ಅವರ ಅಂಗಡಿಯಲ್ಲೇ ಸ್ಟೂಲು ಹಾಕಿಕೊಂಡು ಹಗಲೆಲ್ಲ ಕೂರುವುದು! ಶಾಲೆಗೆ ರಜೆ ಇದ್ದಾಗ ಲ್ಯಾಪ್‌ಟಾಪ್ ಚೀಲ ಹೊತ್ತು ಹಿಂದೆ ಹೋಗುವ ಮೇಷ್ಟ್ರು ನಾನು.

ಕೂಡ್ಲಿಗಿಯಲ್ಲಿ ಒಂದು ಪಾತ್ರೆ ಅಂಗಡಿ. ಸಾಹುಕಾರರಿಗೆ ತಮ್ಮ ತಂದೆಯವರ ದೊಡ್ಡ ಫೋಟೋ ಬೇಕು, ಸುತ್ತ ತಿರುಗುವ ಕಮಲ ಬೇಕು, ಹಿಂದೆ ಶಹನಾಯಿ ಬೇಕು. ಅತ್ತೆ ಸ್ಟೂಲಿನ ಮೇಲೆ ಕುಳಿತು ಬಂದವರ ಮಾತು ಕೇಳಿದಳು. ಬಂದವರೆಲ್ಲ ಕೇಳಿದ್ದು ಎರಡೇ: "ಹೆಸರು ಕೊರದು ಕೊಡ್ತೀರೇನ್ರಿ?", "ಹಳೀ ಹಂಡೆ ತಗೋತೀರೇನ್ರಿ?" ವೆಬ್‌ಸೈಟಿನ ತಲೆಯ ಮೇಲೆ ಆ ಎರಡರ ಉತ್ತರವೇ ಬಂತು. ಸಾಹುಕಾರರ ಮುಖ ಕೆಂಪಗಾಯಿತು.

"ಅಮ್ಮಾರ, ನಮ್ಮ ಅಪ್ಪಾರ ಫೋಟೋ ಎಲ್ಲೈತ್ರಿ?"

"ಕೊನಿಗೆ ಐತಿ ನೋಡ್ರಿ. ಅವ್ರು ಗಿರಾಕಿಗೆ ದಾರಿ ಬಿಟ್ಟು ನಿಲ್ಲೋ ಮನುಷ್ಯಾ ಇದ್ರು, ಬಾಗಲಿಗೆ ಅಡ್ಡ ನಿಲ್ಲೋರಲ್ಲ!"

ಸಾಹುಕಾರರು ನಕ್ಕು ಚಹಾ ತರಿಸಿದರು.

ಅಳತೆಯಾದರೂ ಒಂದು ದಿನದ್ದು. ಅವಳ ಇನ್ನೊಂದು ಹುಚ್ಚು ಜನ್ಮಪೂರ್ತಿಯದು. ವೆಬ್‌ಸೈಟೆಂದರೆ ಮನೆ ಮುಂದಿನ ಅಂಗಳ, ಅದರ ಒಡೆಯರೇ ದಿನಾ ಗುಡಿಸಿ ರಂಗೋಲಿ ಹಾಕಬೇಕು, ಬೇರೆಯವರು ಹಾಕಿದರೆ ನಡೆಯದು! ಅದಕ್ಕೆಂದೇ 'ಬದಲಿಸು' ಎಂದು ಬರೆದ ಒಂದು ಗುಂಡಿ ಇಟ್ಟಿರುತ್ತಾಳೆ. ಕೈಯೆಲ್ಲ ಹಿಟ್ಟಾಗಿದ್ದರೆ ಮೊಣಕೈಯಲ್ಲಾದರೂ ಒತ್ತಬಹುದು, ಅಷ್ಟು ದೊಡ್ಡದು. ದಿನಾ ಬೆಳಿಗ್ಗೆ ಎಲ್ಲರ ಅಂಗಳ ನೋಡಿ, ಒತ್ತದವರಿದ್ದರೆ ಅತ್ತೆಯೇ ಬಸ್ಸು ಹತ್ತಿ ಬರುತ್ತಾಳೆ. ಜನ ಅದಕ್ಕೆ ಹೆದರಿಯೇ ಒತ್ತುತ್ತಾರೆ ಎಂಬುದು ನನ್ನ ಗುಮಾನಿ.

ಹರಪನಹಳ್ಳಿಯ ಖಾನಾವಳಿಯ ಅಕ್ಕ ಒಮ್ಮೆ 'ಇವತ್ತು ಎಣ್ಣೆಗಾಯಿ ಪಲ್ಯ' ಎಂದು ಬರೆದು ಮರೆತುಬಿಟ್ಟಿದ್ದಳು. ವಾರವಿಡೀ ಎಣ್ಣೆಗಾಯಿ! ಅತ್ತೆ ನನ್ನನ್ನೂ ಎಳೆದುಕೊಂಡು ಹೋಗಿ ಊಟಕ್ಕೆ ಕುಳಿತಳು. ತಾಟಿಗೆ ಬಂದದ್ದು ಹೆಸರುಕಾಳು.

"ಯವ್ವಾ, ಎಣ್ಣಿಗಾಯಿ ಎಲ್ಲಿ?"

"ಅದು ಸೋಮವಾರದ್ದು ಬಿಡ್ರಿ, ಅವತ್ತ ಮುಗೀತು."

"ಹಂಗಾರ ನಿನ್ನ ವೆಬ್‌ಸೈಟ್‌ನ್ಯಾಗ ಹಳಸಿ ನಾರಾಕ ಹತ್ತೈತಿ. ಮೊದಲ ಅದನ್ನ ತೊಳಿ, ಆಮ್ಯಾಲೆ ರೊಟ್ಟಿ ಹಾಕು!"

ಪಕ್ಕದಲ್ಲಿ ಉಣ್ಣುತ್ತಿದ್ದವರು ಗಾಬರಿಯಾಗಿ ತಮ್ಮ ತಾಟು ಮೂಸಿದರು. ಅಕ್ಕ ಓಡಿ ಹೋಗಿ ಫೋನು ತಂದು ಬದಲಿಸಿದ ಮೇಲೇ ನಮಗೆ ಎರಡನೇ ರೊಟ್ಟಿ ಸಿಕ್ಕಿದ್ದು.

ಇಂಥವಳಿಗೆ ಹಡಗಲಿಯಿಂದ ಕರೆ ಬಂತು. ಅಲ್ಲಿ ಕೆಲವು ಡಾಕ್ಟರುಗಳು ಸೇರಿ ಒಂದೇ ಕಟ್ಟಡದಲ್ಲಿ ದವಾಖಾನೆ ತೆರೆದಿದ್ದರು. ಅತ್ತೆಯ ಕೈಗೆ ಬಂದ ಕೆಲಸಗಳಲ್ಲೇ ದೊಡ್ಡದು. ಇದೊಂದು ದಡ ಮುಟ್ಟಿದರೆ ಹಗರಿಬೊಮ್ಮನಹಳ್ಳಿಯ ಡಾಕ್ಟರುಗಳೂ ಕರೆಯುತ್ತಾರೆಂಬ ಆಸೆ ಬೇರೆ. "ಲೇ ತಮ್ಮಾ, ಈ ಕೆಲಸ ಕೈ ತಪ್ಪಿದ್ರ ನಾ ಮತ್ತ ಕುಪ್ಪಸ ಹೊಲಿಯೋದ" ಎಂದು ಬಸ್ಸಿನಲ್ಲಿ ಹೇಳುತ್ತಲೇ ಬಂದಳು.

ಅಳತೆ ತೆಗೆದು ವೆಬ್‌ಸೈಟ್ ಮುಗಿಸಿ ಡಾಕ್ಟರುಗಳಿಗೆ ತೋರಿಸಿದಳು. ಮಾಡಿದ್ದೇನು? ಹೊಸ ಯಂತ್ರಗಳ ಫೋಟೋಗಳನ್ನೆಲ್ಲ ಕೆಳಗೆ ತಳ್ಳಿ, ಮೇಲೆ ದಪ್ಪ ಅಕ್ಷರದಲ್ಲಿ 'ಇವತ್ತು ಯಾವ ಡಾಕ್ಟರು ಇದ್ದಾರೆ, ಯಾರು ಇಲ್ಲ' ಎಂದು ಇಟ್ಟಿದ್ದಳು. ದಿನಾ ಬೆಳಿಗ್ಗೆ ಡಾಕ್ಟರುಗಳೇ ಅದನ್ನು ಬದಲಿಸಬೇಕಂತೆ! ಎಲುಬಿನ ಡಾಕ್ಟರು ಕುರ್ಚಿಯಿಂದ ಎದ್ದೇ ಬಿಟ್ಟರು.

"ನಾ ಇಲ್ಲ ಅಂತ ನಾನ ಊರಿಗೆಲ್ಲ ಡಂಗುರಾ ಹೊಡಿಬೇಕೇನ್ರಿ? ಪೇಷಂಟು ಬಂದ್ರ 'ಈಗ ಬರ್ತಾರ, ಕುಂದ್ರಿ' ಅಂತಾರ ನಮ್ಮ ಹುಡುಗ್ಯಾರು. ಮೊದಲಿಂದ ನಡಕೊಂಡು ಬಂದೈತಿ. ಆ ಸಾಲು ತೆಗೀರಿ."

"ತೆಗಿಯಂಗಿಲ್ರಿ."

"ತೆಗೀಲಿಲ್ಲ ಅಂದ್ರ ಬ್ಯಾರೇರ ಕಡೆ ಮಾಡಿಸ್ತೀವಿ."

"ಮಾಡಿಸ್ರಿ."

ನಾನು ಮೇಜಿನ ಕೆಳಗೆ ಅತ್ತೆಯ ಕಾಲು ತುಳಿದೆ. ಅವಳು ಕಾಲು ಎಳೆದುಕೊಂಡಳು, ಮಾತು ಎಳೆದುಕೊಳ್ಳಲಿಲ್ಲ. ಅವರಲ್ಲೇ ಹಿರಿಯರಾದ ಡಾಕ್ಟರಮ್ಮ ಕನ್ನಡಕ ತೆಗೆದು ಸಮಾಧಾನದಿಂದ ಕೇಳಿದರು: "ಅಲ್ರಿ ಅಮ್ಮಾ, ಇಷ್ಟು ಹಟ ಯಾಕ?"

ಈಗೊಂದು ಖಡಕ್ ಉತ್ತರ ಬೀಳುತ್ತದೆಂದು ನಾನು ಲ್ಯಾಪ್‌ಟಾಪ್ ಮಡಿಚಿ ಹೊರಡಲು ಸಿದ್ಧನಾದೆ. ಅತ್ತೆ ದನಿ ಇಳಿಸಿ ಹೇಳಿದಳು:

"ನಮ್ಮ ಮನಿಯವ್ರಿಗೆ ಎದಿನೋವು ಬಂದಿತ್ರಿ. ಒಂದೂರಾಗ ದವಾಖಾನಿಗೆ ಕರಕೊಂಡು ಹೋದೆ. ಬಾಗಲಾ ತೆರದಿತ್ತು, ಫ್ಯಾನ್ ತಿರಗತಿತ್ತು. 'ಡಾಕ್ಟ್ರು ಈಗ ಬರ್ತಾರ, ಕುಂದ್ರಿ' ಅಂದ್ರು. ಕುಂತ್ವಿ. ಡಾಕ್ಟ್ರು ಲಗ್ನಕ್ಕ ಹೋಗಿದ್ರಂತ. ಅವ್ರೂ ಮನುಷ್ಯಾರ, ಹೋಗಬ್ಯಾಡ್ರಿ ಅಂತ ಹೆಂಗ ಅನ್ಲಿ? 'ಇಲ್ಲ' ಅಂತ ಒಂದು ಮಾತು ಹೇಳಿದ್ರ ಮುಂದಿನ ಊರಿಗೆ ಒಯ್ತಿದ್ದೆ. ನಾ ಅವ್ರನ್ನ ಒರಗಿಸಿಕೊಂಡು ಬಾಗಲಾ ನೋಡಿಕೊಂತ ಕುಂತೆ."

ಮಾವ ಎದೆನೋವಿನಿಂದ ಹೋದದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೀಗೆ ಕಾಯುತ್ತಾ ಹೋದದ್ದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಪಟಪಟ ಮಾತಾಡುವ ಅತ್ತೆ ಇದೊಂದನ್ನು ಯಾರಿಗೂ ಹೇಳಿರಲಿಲ್ಲ. ಮಡಿಚಿದ ಲ್ಯಾಪ್‌ಟಾಪನ್ನು ಮತ್ತೆ ತೆರೆದು ಮೇಜಿನ ಮೇಲಿಟ್ಟೆ.

ಎಲುಬಿನ ಡಾಕ್ಟರು ಮೆಲ್ಲಗೆ ಕುಳಿತರು. ಡಾಕ್ಟರಮ್ಮ ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡು, ಎಲ್ಲಿ ಒತ್ತಬೇಕೆಂದು ನನ್ನನ್ನೇ ಕೇಳಿ, ಒಂದೊಂದೇ ಅಕ್ಷರ ಹುಡುಕಿ ಬರೆದರು: 'ನಾಳೆ ನಾನು ಇರುವುದಿಲ್ಲ. ನನಗಾಗಿ ಕಾಯಬೇಡಿ, ತಡ ಮಾಡದೆ ಬೇರೆ ಡಾಕ್ಟರಿಗೆ ತೋರಿಸಿ.'

ಅತ್ತೆ ಬಗ್ಗಿ ಅದನ್ನು ಗಟ್ಟಿಯಾಗಿ ಓದಿದಳು. ಇನ್ನೊಂದು ಸಲ ಓದಿದಳು.

"ಇಷ್ಟ ಸಾಕಾಗಿತ್ರಿ" ಎಂದವಳೇ, ಅಷ್ಟು ಜನರ ಮುಂದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.