ಎಡಗಾಲು ನೇಯ್ದ ಒಂದು ಗೇಣು

ಕಾಯಿಲೆ ಬರುವುದಾದರೆ ಹೆಸರಿರುವ ಕಾಯಿಲೆಯೇ ಬರಬೇಕು ಎಂಬುದು ಈಗ ನನ್ನ ಗಟ್ಟಿ ಅಭಿಪ್ರಾಯ. ಸಕ್ಕರೆ ಕಾಯಿಲೆಯವನಿಗೆ ಮದುವೆ ಮನೆಯಲ್ಲಿ ಬೇರೆ ಲೋಟದಲ್ಲಿ ಕಾಫಿ ಬರುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವನು ಬಸ್ಸು ಹತ್ತಿದರೆ ಕಾಲೇಜು ಹುಡುಗರೂ ಎದ್ದು ಜಾಗ ಬಿಡುತ್ತಾರೆ. ಮೂಲವ್ಯಾಧಿಗೂ ಒಂದು ಮರ್ಯಾದೆ ಉಂಟು, ಯಾರೂ ವಿವರ ಕೇಳುವುದಿಲ್ಲ. ಹೆಸರಿಲ್ಲದ ನೋವಿನವನ ಪಾಡು ಹಾಗಲ್ಲ. ಅವನು ಪ್ರತಿಯೊಬ್ಬರಿಗೂ ಮೊದಲಿನಿಂದ ಕಥೆ ಹೇಳಬೇಕು, ಕೇಳಿದವರು ಕಾಲನ್ನೊಮ್ಮೆ ಮುಖವನ್ನೊಮ್ಮೆ ನೋಡಿ, 'ನೋಡಿದರೆ ಚೆನ್ನಾಗೇ ಇದ್ದೀರಲ್ಲ' ಎಂದು ಎದ್ದು ಹೋಗುತ್ತಾರೆ.

ನಾನು ಕೊಯಮತ್ತೂರಿನ ಕಡೆಯ ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವವನು. ಏಳನೇ ತರಗತಿಗೆ ಶಾಲೆ ಬಿಟ್ಟು ಮಗ್ಗದ ಗುಂಡಿಗೆ ಕಾಲು ಇಳಿಸಿದೆ, ಈ ನೋವು ಬರುವವರೆಗೆ ಮೇಲೆತ್ತಿರಲಿಲ್ಲ. ನಮಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಕನ್ನಡ ಅಕ್ಷರಗಳನ್ನು ಕಲಿತದ್ದು ಕೊಳ್ಳೇಗಾಲದಲ್ಲಿ, ನೂಲು ತರಲು ಅಪ್ಪನ ಜೊತೆ ಹೋಗುತ್ತಿದ್ದಾಗ, ಅಂಗಡಿ ಬೋರ್ಡುಗಳನ್ನು ಕೂಡಿಸಿ ಕೂಡಿಸಿ ಓದಿ. ಹಾಗಾಗಿ ನನ್ನ ಬರವಣಿಗೆಯಲ್ಲಿ ಎಲ್ಲಾದರೂ ಬೋರ್ಡಿನ ವಾಸನೆ ಬಂದರೆ ಓದುವವರು ಮನ್ನಿಸಬೇಕು.

ಮಗಳು ಕವಿತಾಳ ಮದುವೆ ಗೊತ್ತಾಗಿತ್ತು. ಧಾರೆಗೆ ಉಡುವ ಸೀರೆ ಗಂಡಿನ ಮನೆಯವರದು. ಆದರೆ ಹೆಣ್ಣು ಮೊದಲು ಮಂಟಪಕ್ಕೆ ಬರುವಾಗ ಉಡುವ ಸೀರೆಯನ್ನು ನಮ್ಮ ಮನೆಯಲ್ಲಿ ಅಪ್ಪನೇ ನೇಯಬೇಕು. ಮಗ್ಗಕ್ಕೆ ಹಾಸುನೂಲು ಏರಿಸಿದ ದಿನ ತೆಂಗಿನಕಾಯಿ ಒಡೆದು ಮೊದಲ ಎಳೆ ಹೊಡೆದವನೇ ಕೊನೆಯ ಎಳೆಯನ್ನೂ ಹೊಡೆಯಬೇಕು. ಇದರಲ್ಲಿ ಶಾಸ್ತ್ರ ಎಷ್ಟೋ ಕಸುಬೂ ಅಷ್ಟೇ ಇದೆ. ಒಬ್ಬೊಬ್ಬರ ಕಾಲ್ತುಳಿತ ಒಂದೊಂದು ಭಾರ, ಕೈ ಬಡಿತ ಒಂದೊಂದು ಬಿಗಿ. ನಡುವೆ ಆಳು ಬದಲಾದರೆ ಬಟ್ಟೆಗೆ ಅಡ್ಡಲಾಗಿ ಒಂದು ಗೆರೆ ಬೀಳುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಕ್ಕುತ್ತದೆ. ನಿಶ್ಚಿತಾರ್ಥದ ದಿನ ಊಟಕ್ಕೆ ಕೂತಾಗ ನಾನು ಬೀಗರಿಗೆ, "ಸೀರೆ ನಂದು. ಒಂದೆಳೆ ಕೂಡ ಬೇರೆಯವರ ಕೈಲಿ ಹೊಡೆಸಲ್ಲ" ಎಂದು ನಾಲ್ಕು ಜನಕ್ಕೆ ಕೇಳಿಸುವ ಹಾಗೆ ಹೇಳಿದ್ದೆ. ಪಾಯಸ ಬಡಿಸುತ್ತಿದ್ದ ನನ್ನ ಹೆಂಡತಿ ರುಕ್ಮಿಣಿ ಅದನ್ನು ಕೇಳಿಸಿಕೊಂಡು ನನ್ನ ಎಲೆಗೆ ಒಂದು ಸೌಟು ಕಡಿಮೆ ಬಡಿಸಿದಳು ಎಂದು ನನಗೆ ಈಗ ಅನ್ನಿಸುತ್ತದೆ.

ಸೀರೆ ಅರ್ಧಕ್ಕೆ ಬಂದಿತ್ತು. ಒಂದು ಬೆಳಿಗ್ಗೆ, ತಿಂಡಿ ತಿಂದು ಹೋಗಿ ಕೂತು, ಎಡಗಾಲಿನಿಂದ ಮಗ್ಗದ ತುಳಿಹಲಗೆ ಒತ್ತಿದೆ. ಸೊಂಟದಿಂದ ಹಿಮ್ಮಡಿಯ ತನಕ ಯಾರೋ ಕಾದ ಕಂಬಿ ಎಳೆದ ಹಾಗಾಯಿತು. ಬಿದ್ದಿಲ್ಲ, ಏಟು ತಿಂದಿಲ್ಲ, ಹಿಂದಿನ ದಿನ ಭಾರ ಎತ್ತಿಲ್ಲ. ಗುಂಡಿಯಿಂದ ನನ್ನನ್ನು ಮೇಲೆ ತರಲು ಹೆಂಡತಿಯೂ ಪಕ್ಕದ ಮನೆಯವರೂ ಸೇರಬೇಕಾಯಿತು. ಬಾವಿಗೆ ಬಿದ್ದ ಕೊಡವನ್ನು ಎತ್ತುವಾಗ ಜನ ಮಾತಾಡಿಕೊಳ್ಳುವ ಹಾಗೆಯೇ ಅವರು, "ಆ ಕಡೆ ಹಿಡಿ, ಈ ಕಡೆ ತಿರುಗಿಸು" ಎಂದು ಮಾತಾಡಿಕೊಂಡರು. ಕೊಡದ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಕೊಯಮತ್ತೂರಿಗೆ ಕರೆದುಕೊಂಡು ಹೋದರು. ರಕ್ತ ತೆಗೆದರು, ಎಕ್ಸ್‌ರೇ ಹಿಡಿದರು, ಕೊಳವೆಯೊಳಗೆ ಮಲಗಿಸಿ ಸ್ಕ್ಯಾನ್ ಮಾಡಿದರು. ಡಾಕ್ಟರು ಒಳ್ಳೆಯ ಮನುಷ್ಯ. ಪಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಒಣ್ಣುಮಿಲ್ಲೀಂಗ, ಎಲ್ಲಾ ನಾರ್ಮಲ್" ಎಂದರು. ಏನೂ ಇಲ್ಲವಂತೆ. ಏನೂ ಇಲ್ಲದ ಕಾಲನ್ನು ಎಳೆದುಕೊಂಡು ಹೊರಗೆ ಬರುವಾಗ ನನಗೆ ಬಂದ ನಾಚಿಕೆ ಅಷ್ಟಿಷ್ಟಲ್ಲ. ಮೂಳೆ ಮುರಿದಿದ್ದರೆ ತಲೆ ಎತ್ತಿ ನಡೆಯಬಹುದಿತ್ತು, ಕುಂಟಿಕೊಂಡಾದರೂ.

ಡಾಕ್ಟರು ಬಿಟ್ಟ ಜಾಗವನ್ನು ನೆಂಟರು ತುಂಬಿದರು. ರುಕ್ಮಿಣಿಯ ತಮ್ಮ ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ ಮೋಟಾರ್ ಪಂಪ್ ರಿಪೇರಿ ಮಾಡುವವನು. ಬಂದವನೇ ನನ್ನ ಕಾಲು ಹಿಡಿದು ಮಡಿಸಿ, ಬಿಚ್ಚಿ, ಕಿವಿ ಇಟ್ಟು ಕೇಳಿದ. "ಬೇರಿಂಗ್ ಹೋಗೈತೆ ಭಾವ. ಸೌಂಡ್ ಬರ್ತಾ ಐತೆ" ಎಂದ. ಸೌಂಡ್ ಬಂದದ್ದು ನನ್ನ ಬಾಯಿಂದ. ಓಣಿಯ ಕೊನೆಯ ಮನೆಯ ಚಿಕ್ಕಮ್ಮ ಇನ್ನೂ ಆಳಕ್ಕೆ ಹೋದಳು. "ಆನೈಮಲೈಗೆ ಹೋಗಿ ಮಾಸಾಣಿಯಮ್ಮನ ಹತ್ರ ಯಾರೋ ನಿನ್ನ ಮೇಲೆ ಮೆಣಸಿನಕಾಯಿ ಅರೆದಿರಬೇಕಪ್ಪ. ಇಷ್ಟು ಉರಿ ಸುಮ್ಮನೆ ಬರಲ್ಲ" ಎಂದಳು. ಆ ದೇವಿಯ ಮುಂದೆ ಮೆಣಸಿನಕಾಯಿ ಅರೆದು ಹಚ್ಚಿದರೆ ಮೋಸ ಮಾಡಿದವನಿಗೆ ಉರಿ ಹತ್ತುತ್ತದೆಂದು ನಮ್ಮ ಕಡೆಯ ನಂಬಿಕೆ. ನಾನು ಮಲಗಿದಲ್ಲೇ ಯಾರಿರಬಹುದೆಂದು ಯೋಚಿಸಿದೆ. ಮೆಟ್ಟುಪಾಳಯಂ, ಕೊಯಮತ್ತೂರು, ಪೊಳ್ಳಾಚಿ ಎಂದು ಬಸ್ಸಿನ ಮೇಲೆ ಬಸ್ಸು ಬದಲಿಸಿ ಅಲ್ಲಿಗೆ ಹೋಗಿ ಬೆವರು ಸುರಿಸಿ ಅರೆಯುವಷ್ಟು ನನ್ನನ್ನು ದ್ವೇಷಿಸುವವರು ಒಬ್ಬರೂ ನೆನಪಿಗೆ ಬರಲಿಲ್ಲ. ಇಷ್ಟು ವರ್ಷ ಇಷ್ಟು ಗಟ್ಟಿಯಾಗಿ ಬಾಳಿಯೂ ಒಬ್ಬ ಶತ್ರುವನ್ನು ಸಂಪಾದಿಸಲಿಲ್ಲವಲ್ಲ ಎಂದು ಸ್ವಲ್ಪ ಬೇಸರವೇ ಆಯಿತು.

ನೋವಿಗೆ ಒಂದು ಗುಣ ಇತ್ತು, ಹೇಳದೆ ಬರುತ್ತಿತ್ತು, ಹೇಳದೆ ಹೋಗುತ್ತಿತ್ತು. ಹೋದಾಗ ನಾನು ಮಗ್ಗದ ಕಡೆ ನೋಡುತ್ತಿದ್ದೆ, ಕಾಲು ಇಳಿಸುವಷ್ಟರಲ್ಲಿ ಅದು ವಾಪಸು ಬರುತ್ತಿತ್ತು. ಮದುವೆ ಹತ್ತಿರ ಬಂತು. ಅರ್ಧ ಸೀರೆ ಮಗ್ಗದ ಮೇಲೆ ಹಾಗೇ ಬಿಳಿ ಪಂಚೆ ಹೊದ್ದುಕೊಂಡು ಮಲಗಿತ್ತು, ನನ್ನ ಹಾಗೆಯೇ. ಒಂದು ದಿನ ರುಕ್ಮಿಣಿ ನನ್ನ ಮಂಚದ ಪಕ್ಕದಲ್ಲಿ ಕಾಫಿ ಇಟ್ಟು, ಸೆರಗು ಸಿಕ್ಕಿಸಿಕೊಂಡು, ಪಂಚೆ ತೆಗೆದಳು.

"ಏನು ಮಾಡ್ತಿದ್ದೀಯ" ಎಂದೆ.

"ಏನುಂಗ, ಕಾಣಲ್ವಾ. ಕೂರ್ತಾ ಇದ್ದೀನಿ."

"ಮೊದಲ ಎಳೆ ಹೊಡೆದವನು ನಾನು."

"ಸರಿ. ಬನ್ನಿ, ಹೊಡೀರಿ."

ನಾನು ಬರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ರುಕ್ಮಿಣಿ ತವರಿನಲ್ಲಿ ನೇಯ್ದವಳು. ಮದುವೆಯಾಗಿ ಬಂದ ಮೇಲೆ, ನಮ್ಮ ಮನೆಯ ಹೆಂಗಸರು ಗುಂಡಿಗೆ ಇಳಿಯುವ ಪದ್ಧತಿ ಇಲ್ಲ ಎಂದು ನಾನು ದೊಡ್ಡಸ್ತಿಕೆಯಿಂದ ಹೇಳಿ, ಅವಳನ್ನು ಗೋಡೆಯ ಪಕ್ಕ ರಾಟೆಯ ಮುಂದೆ ಕೂರಿಸಿದ್ದೆ. ಅಂದಿನಿಂದ ಅವಳು ನೂಲು ಸುತ್ತಿ ಕೊಡುತ್ತಿದ್ದಳು, ನಾನು ನೇಯುತ್ತಿದ್ದೆ, ಹೊಗಳಿಕೆ ನನಗೆ ಬರುತ್ತಿತ್ತು.

ಮಲಗಿ ಕೇಳುವುದು ಬಿಟ್ಟರೆ ನನಗೆ ಬೇರೆ ಕೆಲಸವಿರಲಿಲ್ಲ. ಮೊದಲ ದಿನ ಅವಳ ಬಡಿತದಲ್ಲಿ ತಪ್ಪು ಹುಡುಕಿದೆ. ಎರಡನೆಯ ದಿನ ತಪ್ಪು ಸಿಗಲಿಲ್ಲವೆಂದು ಸಿಟ್ಟಾದೆ. ಆಮೇಲೆ ಒಂದು ವಿಚಿತ್ರ ಗಮನಿಸಿದೆ. ಕಣ್ಣು ಮುಚ್ಚಿದರೆ ಮಗ್ಗದಲ್ಲಿ ನಾನೇ ಕೂತ ಹಾಗೆ ಕೇಳುತ್ತಿತ್ತು. ಅದೇ ಭಾರ, ಅದೇ ನಿಧಾನ. ಗೋಡೆಯ ಪಕ್ಕ ಕೂತು ಇಷ್ಟು ವರ್ಷ ನನ್ನ ಬಡಿತ ಕೇಳಿ ಕೇಳಿ ಅವಳ ಕೈಗೆ ಅದೇ ತಾಳ ಹಿಡಿದುಬಿಟ್ಟಿತ್ತು. ನಾನಿಲ್ಲದೆಯೂ ನನ್ನ ಮಗ್ಗ ನನ್ನ ಹಾಗೇ ಮಾತಾಡುವುದನ್ನು ಕೇಳಿದಾಗ ಸಂತೋಷಪಡಬೇಕೋ ಹೆದರಬೇಕೋ ತಿಳಿಯದೆ ಗೋಡೆಯ ಕಡೆ ತಿರುಗಿ ಮಲಗಿದೆ.

ಹೆದರಿಕೆಯೇ ಗೆದ್ದಿತು ಅಂತ ಕಾಣುತ್ತದೆ. ರುಕ್ಮಿಣಿ ಮದುವೆ ಪತ್ರಿಕೆ ಕೊಡಲು ಅವಳ ತಮ್ಮನ ಮನೆಗೆ ಹೋದ ದಿನ ನಾನು ಗೋಡೆ ಹಿಡಿದು ಎದ್ದೆ. ಬೀಗರಿಗೆ ಕೊಟ್ಟ ಮಾತಿನಲ್ಲಿ ಸ್ವಲ್ಪವಾದರೂ ಉಳಿಸಿಕೊಳ್ಳಬೇಕಲ್ಲ. ಗುಂಡಿಗೆ ಇಳಿದು, ಹಲ್ಲು ಕಚ್ಚಿ, ಕಾಲು ಒತ್ತಿ ಒತ್ತಿ ಒಂದು ಗೇಣು ನೇಯ್ದೆ. ಬಲಗಾಲು ನೇಯ್ದಿತು, ಎಡಗಾಲು ಬೈಯುತ್ತಾ ನೇಯ್ದಿತು. ಹೇಗೋ ಮೇಲೆ ಬಂದು, ಪಂಚೆ ಮುಚ್ಚಿ, ಮುಖ ತೊಳೆದು ಮಲಗಿಕೊಂಡೆ. ಅವಳು ಬಂದು ಮಗ್ಗ ನೋಡಿದಳು, ನನ್ನನ್ನು ನೋಡಿದಳು, ಹೋಗಿ ಒಲೆ ಹಚ್ಚಿದಳು. ಮರುದಿನ ಅಲ್ಲಿಂದಲೇ ಮುಂದುವರಿಸಿದಳು. ನನ್ನ ಗುಟ್ಟು ಉಳಿಯಿತು ಎಂದುಕೊಂಡೆ.

ಕವಿತಾ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸ ಮಾಡುತ್ತಾಳೆ. ದಿನವಿಡೀ ಬಟ್ಟೆಯ ತಪ್ಪು ಹುಡುಕುವುದೇ ಅವಳ ಸಂಬಳದ ಕೆಲಸ. ನೇಯ್ದು ಮುಗಿದು ಸೀರೆಯನ್ನು ಮಗ್ಗದಿಂದ ಕತ್ತರಿಸಿ ಇಳಿಸಿದ ದಿನ ಊರಿಗೆ ಬಂದಳು. ಚಾಪೆಯ ಮೇಲೆ ಸೀರೆ ಹರಡಿ, ಕಣ್ಣು ಮುಚ್ಚಿ, ಒಂದು ತುದಿಯಿಂದ ಬೆರಳು ಆಡಿಸಿಕೊಂಡು ಹೊರಟಳು. ನಾನು ಎಲ್ಲಿ ನಿಲ್ಲಿಸಿದ್ದೆನೋ, ರುಕ್ಮಿಣಿ ಎಲ್ಲಿ ಶುರು ಮಾಡಿದ್ದಳೋ, ಆ ಜಾಗದ ಮೇಲೆ ಅವಳ ಬೆರಳು ಬಂತು. ಬೆರಳು ದಾಟಿ ಹೋಯಿತು. ಇನ್ನೂ ಸ್ವಲ್ಪ ಮುಂದೆ ಹೋಗಿ ನಿಂತಿತು.

"ಇಲ್ಲಿ ಯಾರೋ ಬೇರೆಯವರು ಕೂತವ್ರೆ ಅಮ್ಮಾ. ಒಂದು ಗೇಣು ಐತೆ. ಯಾರು, ಕಲಿಯೋರಾ?"

ರುಕ್ಮಿಣಿ ನನ್ನ ಕಡೆ ನೋಡದೆ ಹೇಳಿದಳು. "ನಿಮ್ಮಪ್ಪ."

"ನಿಂಗೆ ಗೊತ್ತಾಗಿತ್ತಾ? ಮತ್ತೆ ಬಿಚ್ಚಿ ನೇಯೋದಲ್ವಾ?"

"ಬಿಚ್ಚೋಣ ಅಂತ ಕೂತೆ. ಆ ಕಾಲಲ್ಲಿ ಹೆಂಗೆ ನೇಯ್ದರೋ ಅನ್ನಿಸ್ತು. ಕೈ ಬರಲಿಲ್ಲ."

ಮಗಳು ಆ ಗೇಣಿನ ಮೇಲೆ ಅಂಗೈ ಇಟ್ಟಳು. "ನಮ್ಮ ಕಂಪನಿ ಆದ್ರೆ ಇದು ರಿಜೆಕ್ಟು ಅಪ್ಪಾ" ಎಂದಳು. ಆಮೇಲೆ ಸೀರೆಯನ್ನು ಜೋಪಾನವಾಗಿ ಮಡಿಸಿದಳು, ಆ ಭಾಗ ಮೇಲೆ ಬರುವ ಹಾಗೆ.

ಮದುವೆಯ ದಿನ ನನ್ನನ್ನು ಮಂಟಪದ ಪಕ್ಕ ಒಂದು ಕುರ್ಚಿಯಲ್ಲಿ ಕೂರಿಸಿದ್ದರು. ಕವಿತಾ ಆ ಸೀರೆ ಉಟ್ಟು ಬಂದಳು. ಛತ್ರದ ತುಂಬ ಜನ ಹುಡುಗಿಯನ್ನು ನೋಡಿದರು, ನಾನೊಬ್ಬ ಅವಳ ಮಂಡಿಯ ಹತ್ತಿರದ ಒಂದು ಗೇಣನ್ನು ನೋಡಿದೆ. ಬೀಗರು ಬಂದು ನನ್ನ ಹೆಗಲ ಮೇಲೆ ಕೈ ಹಾಕಿ, "ಕೊಟ್ಟ ಮಾತು ಉಳಿಸ್ಕಂಡ್ರಿ. ಒಂದೆಳೆಗೂ ಬೇರೆಯವರ ಕೈ ತಾಗಿಲ್ಲ, ಕಂಡರೇ ಗೊತ್ತಾಗ್ತದೆ" ಎಂದರು. ರುಕ್ಮಿಣಿ ಅಲ್ಲೇ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. "ಅರ್ಧ ಸೀರೆ ಇವಳು ನೇಯ್ದದ್ದು ಬೀಗರೇ. ಚೆನ್ನಾಗಿರೋ ಅರ್ಧ" ಎಂದೆ.

ಬೀಗರು ನನ್ನನ್ನೇ ನೋಡಿದರು. ಅವರ ಕಣ್ಣು ತುಂಬಿತು. ಪಕ್ಕದವರ ಕಡೆ ತಿರುಗಿ, "ನೋಡಿ, ದೊಡ್ಡ ಕಸುಬುದಾರರು ಹಿಂಗೇ. ಮಾಡಿದ್ದನ್ನ ಹೆಂಡತಿ ಹೆಸರಿಗೆ ಬಿಡ್ತಾರೆ" ಎಂದರು. ಹೀಗೆ ಸೀರೆಯ ಜೊತೆಗೆ ವಿನಯವೂ ನನ್ನ ಪಾಲಿಗೇ ಬಂತು. ರುಕ್ಮಿಣಿ ತಟ್ಟೆ ಹಿಡಿದುಕೊಂಡು ಒಳಗೆ ಹೋದಳು.

ಆಗಲೇ ಎದ್ದು ನಿಂತು, ಇಲ್ಲ, ನಿಜವಾಗಿಯೂ ಅವಳೇ ನೇಯ್ದದ್ದು ಎಂದು ಗಟ್ಟಿಯಾಗಿ ಹೇಳಬೇಕಿತ್ತು. ಏಳಲೆಂದು ಕಾಲು ಊರಿದೆ. ಸೊಂಟದಿಂದ ಹಿಮ್ಮಡಿಯ ತನಕ ಅದೇ ಕಾದ ಕಂಬಿ. ಮತ್ತೆ ಕೂತುಬಿಟ್ಟೆ. ಆ ಹೊತ್ತಿಗೆ ನೋವು ನಿಜವಾಗಿ ಬಂದಿತ್ತೇ ಎಂದು ರುಕ್ಮಿಣಿ ಈಗಲೂ ಕೇಳುತ್ತಾಳೆ, ಮಗ್ಗದ ಗುಂಡಿಯಲ್ಲಿ ಕೂತುಕೊಂಡು. ನಾನು ರಾಟೆ ತಿರುಗಿಸುತ್ತಾ ಏನು ಹೇಳಲಿ? ಸ್ಕ್ಯಾನಿನಲ್ಲೇ ಕಾಣದ್ದನ್ನು ಅವಳಿಗೆ ಹೇಗೆ ತೋರಿಸಲಿ.