ಹಿತ್ತಲ ಬಾಗಿಲು ಮುಚ್ಚುವ ಹೊತ್ತು

ಸೂರ್ಯಾಸ್ತ ನೋಡುವುದಕ್ಕೆ ಒಳ್ಳೆಯ ಜಾಗ ಯಾವುದು ಎಂದು ಯಾರಾದರೂ ಕೇಳಿಬಿಟ್ಟರೆ ನಮ್ಮ ಯಜಮಾನರಿಗೆ ಮೈಮೇಲೆ ಬರುತ್ತದೆ. ಕೇಳದಿದ್ದರೂ ಬರುತ್ತದೆ. ಹುಣಸೂರಿನ ನಮ್ಮ ಮನೆಯ ಜಗಲಿಯ ಮೇಲೆ ಕಾಲು ನೀಡಿ ಕೂತು, ಊಟಿಯಲ್ಲಿ ಕೆರೆಯ ಯಾವ ದಡದಲ್ಲಿ ನಿಲ್ಲಬೇಕು, ದೊಡ್ಡಬೆಟ್ಟಕ್ಕೆ ಎಷ್ಟು ಹೊತ್ತಿಗೆ ಹೊರಡಬೇಕು, ಇಗರ್ಜಿಯ ಹಿಂದಿನ ಇಳಿಜಾರಿನಲ್ಲಿ ಯಾವ ಮರ ಅಡ್ಡ ಬರುತ್ತದೆ ಎಂಬುದನ್ನೆಲ್ಲ ಬಂದವರಿಗೆ ವಿವರಿಸುತ್ತಾರೆ. ಪಾಪ, ಬಂದವರು ಊಟಿಗೆ ಹೋಗುವವರೇ ಅಲ್ಲ. ಒಬ್ಬರು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಿರುತ್ತಾರೆ, ಇನ್ನೊಬ್ಬರು ಮಗಳ ಜಾತಕ ತಂದಿರುತ್ತಾರೆ. ಆದರೂ ತಲೆಯಾಡಿಸಿ ಕೇಳಿಕೊಂಡು ಹೋಗುತ್ತಾರೆ. ನಮ್ಮ ಊರಿನ ಜನಕ್ಕೆ ದಾಕ್ಷಿಣ್ಯ ಬಹಳ.

ನನ್ನ ಮಾತು ಹೇಳುವುದಾದರೆ, ಮದುವೆಯಾಗಿ ಈ ಮನೆಗೆ ಬಂದಮೇಲೆ ಎಷ್ಟೋ ವರ್ಷ ನಾನು ಸೂರ್ಯ ಮುಳುಗುವುದನ್ನು ನೋಡಿಯೇ ಇರಲಿಲ್ಲ. ಕಣ್ಣಿಗೇನೂ ದೋಷವಿಲ್ಲ, ಈಗಲೂ ದೀಪದ ಬೆಳಕಿನಲ್ಲಿ ಅಕ್ಕಿಯ ಕಲ್ಲು ಆರಿಸುತ್ತೇನೆ. ಸೂರ್ಯನಿಗೂ ನನಗೂ ಕೆಲಸದ ಹೊತ್ತು ಒಂದೇ ಆಗಿತ್ತು, ಅಷ್ಟೆ. ಅವನು ಮನೆಗೆ ಹೊರಡುವ ಹೊತ್ತಿಗೆ ನಾನು ಲಾಂದ್ರದ ಗಾಜಿಗೆ ಬೂದಿ ಹಾಕಿ ಒರೆಸುತ್ತಿರುತ್ತಿದ್ದೆ. ಆಮೇಲೆ ಮುಂಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಕೈಕಾಲು ಮುಖ ತೊಳೆದು ದೇವರಿಗೆ ದೀಪ ಹಚ್ಚಬೇಕು. ನಮ್ಮ ಮನೆಯ ಮುಂಬಾಗಿಲು ಪೂರ್ವಕ್ಕೆ. ಹಿತ್ತಲು ಪಶ್ಚಿಮಕ್ಕೆ. ದೀಪ ಹಚ್ಚುವ ಹೊತ್ತಿನಲ್ಲಿ ಮುಂಬಾಗಿಲು ತೆರೆದಿರಬೇಕು, ಹಿತ್ತಲ ಬಾಗಿಲು ಮುಚ್ಚಿರಬೇಕು. ಇಲ್ಲದಿದ್ದರೆ ಮುಂದಿನಿಂದ ಬಂದ ಲಕ್ಷ್ಮಿ ನಿಲ್ಲದೆ ಹಿಂದಿನಿಂದ ಹೊರಟುಹೋಗುತ್ತಾಳೆ. ಎಲ್ಲರ ಮನೆಯಲ್ಲೂ ಇರುವ ಪದ್ಧತಿಯೇ ಇದು. ಆದರೆ ನಮ್ಮ ಅತ್ತೆಯವರು ನಡೆಸುತ್ತಿದ್ದಷ್ಟು ಕಟ್ಟುನಿಟ್ಟಾಗಿ ಯಾರೂ ನಡೆಸುತ್ತಿರಲಿಲ್ಲ. ದಿನವೂ ಆ ಹೊತ್ತಿಗೆ ಅವರು ದೇವರಿಗೆ ಸಂಜೆಮಲ್ಲಿಗೆ ಬಿಡಿಸಲು ಸಣ್ಣ ಬುಟ್ಟಿ ಹಿಡಿದು ಹಿತ್ತಲಿಗೆ ಹೋಗುವರು. ಹೋಗುವಾಗ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು, "ತೆಗೀಬೇಡ ಕಣೇ, ಲಕ್ಷ್ಮಿ ಬರೋ ಹೊತ್ತು" ಎಂದು ಹೇಳಿಯೇ ಹೋಗುವರು. ಹೂ ಬಿಡಿಸಿ, ಪಕ್ಕದ ಸಂದಿಯಲ್ಲಿ ಸುತ್ತಿಕೊಂಡು ಮುಂಬಾಗಿಲಿನಿಂದಲೇ ಒಳಗೆ ಬರುವರು. ಲಕ್ಷ್ಮಿಯೂ ಅವರೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತಿದ್ದರು. ಬುಟ್ಟಿಯಲ್ಲಿ ನೋಡಿದರೆ ಒಂದು ಹಿಡಿ ಹೂವೂ ಇರುತ್ತಿರಲಿಲ್ಲ. ಪಾಪ, ಮಂಡಿನೋವು, ಬಗ್ಗಲು ಆಗುವುದಿಲ್ಲ ಎಂದುಕೊಳ್ಳುತ್ತಿದ್ದೆ.

ಹಿತ್ತಲ ಗೋಡೆಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಬಾವಿಯಾಚೆಯ ಮಣ್ಣಿನ ಗೋಡೆ ಯಾವುದೋ ಮಳೆಗಾಲದಲ್ಲಿ ಬಿದ್ದು, ಒಬ್ಬರು ಕೈಚಾಚಿ ನಿಲ್ಲುವಷ್ಟು ಅಗಲಕ್ಕೆ ಬಾಯಿ ಬಿಟ್ಟುಕೊಂಡಿತ್ತು. ಕಟ್ಟಿಸೋಣವೆಂದು ಯಜಮಾನರು ಪ್ರತಿ ವರ್ಷ ಹೇಳುವರು. "ಕುಂಬಳದ ಬಳ್ಳಿ ಹಬ್ಬಿದೆ, ಕಾಯಿ ಬಿಟ್ಟಿದೆ, ಈಗ ಯಾಕೋ ಕೀಳಿಸ್ತೀಯ?" ಎಂದು ಅತ್ತೆಯವರು ತಡೆಯುವರು. ಹೀಗೆ ಕುಂಬಳಕಾಯಿಯ ಪುಣ್ಯದಿಂದ ನಮ್ಮ ಹಿತ್ತಲು ಊರಿನ ಎಮ್ಮೆಗಳಿಗೆಲ್ಲ ದಾರಿಯಾಗಿತ್ತು.

ನಮ್ಮ ಯಜಮಾನರು ಆಗ ಊರಿನ ಕಾಫಿ ಕಾರ್ಖಾನೆಯೊಂದರಲ್ಲಿ ಇಂಗ್ಲಿಷ್ ಗುಮಾಸ್ತರು. ಒಂದು ಬೇಸಿಗೆಯಲ್ಲಿ ಕಾರ್ಖಾನೆಯ ದೊರೆ ಊಟಿಗೆ ಹೋಗುವಾಗ ಕಾಗದಪತ್ರ ಬರೆಯಲು ಇವರನ್ನೂ ಕರೆದುಕೊಂಡು ಹೋದರು. ಹಿಂದಿರುಗುವಾಗ ಇವರು ಒಂದು ಮೂಟೆ ಆಲೂಗೆಡ್ಡೆ, ನೀಲಗಿರಿ ಎಣ್ಣೆಯ ಸೀಸೆ, ಕತ್ತಿಗೆ ಸುತ್ತಿದ ಉಣ್ಣೆಯ ಮಫ್ಲರು ಮತ್ತು ಸೂರ್ಯಾಸ್ತ ತಂದರು. ಆಲೂಗೆಡ್ಡೆ ಹುಳಿಗೆ ಹೋಯಿತು. ಎಣ್ಣೆ ಅತ್ತೆಯವರ ಮಂಡಿಗೆ ಹೋಯಿತು. ಹುಣಸೂರಿನ ಸೆಕೆ ಮಫ್ಲರನ್ನು ಬಿಚ್ಚಿಸಿತು. ಸೂರ್ಯಾಸ್ತ ಮಾತ್ರ ಉಳಿದುಕೊಂಡಿತು.

"ಅಲ್ಲಿ ದೊರೆಸಾನಿಯರೆಲ್ಲ ಗುಡ್ಡದ ಮೇಲೆ ಕುರ್ಚಿ ಹಾಕಿಸ್ಕೊಂಡು ಕೂತ್ಕೋತಾರಮ್ಮ. ಯಾರೂ ಉಸಿರೆತ್ತೋದಿಲ್ಲ. ಸೂರ್ಯ ಪೂರ್ತಿ ಮುಳುಗಿದಮೇಲೆ ಎಲ್ಲರೂ ಒಟ್ಟಿಗೆ 'ಆಹಾ' ಅಂತಾರೆ" ಎಂದು ಊಟಕ್ಕೆ ಕೂತಾಗ ಅವರ ತಾಯಿಗೆ ವರ್ಣಿಸಿದರು.

ಅತ್ತೆಯವರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. "ಹೋಗೋರನ್ನ ಬಾಗಿಲಲ್ಲಿ ನಿಂತು ಕಳಿಸಿಕೊಡ್ತಾರೆ ಕಣೋ. ಯಾರಾದ್ರೂ ಕುರ್ಚಿ ಹಾಕ್ಕೊಂಡು ಕೂತ್ಕೋತಾರಾ? ಮರ್ಯಾದೆ ಬೇಡ್ವಾ?"

ಯಜಮಾನರು ನನ್ನ ಕಡೆ ನೋಡಿ ನಿಟ್ಟುಸಿರು ಬಿಟ್ಟರು. ಆಮೇಲೆ ಜಗಲಿಯಲ್ಲಿ ಯಾರ ಹತ್ತಿರವೋ, "ನಮ್ಮ ಮನೆಯವರಿಗೆ ಒಲೆ ಉರಿ ಬಿಟ್ರೆ ಇನ್ನೊಂದು ಕೆಂಪು ಗೊತ್ತಿಲ್ಲ" ಎಂದದ್ದು ನನ್ನ ಕಿವಿಗೆ ಬಿತ್ತು. ಇವರು ಎಂದೂ ಮನಸ್ಸು ನೋಯಿಸುವವರಲ್ಲ. ಆದರೂ ನನಗೆ ಅಂದು ಅನ್ನ ಸೇರಲಿಲ್ಲ. ಇವರು ಕಣ್ಣರಳಿಸಿಕೊಂಡು ಹೇಳುವ ಆ ವಸ್ತುವನ್ನು ಒಂದು ಸಲವಾದರೂ ನಾನೂ ನೋಡಬೇಕು, ಇವರು "ಹೇಗಿತ್ತು?" ಎಂದು ಕೇಳಿದಾಗ ನಾನೂ ನಾಲ್ಕು ಮಾತು ಆಡಬೇಕು ಎಂದು ಹಟ ಹುಟ್ಟಿತು. ಮಾರನೆಯ ದಿನ ಕಾಫಿ ಕೊಡುತ್ತಾ, "ಏನೂಂದ್ರೆ, ನಮ್ಮೂರಲ್ಲಿ ಸೂರ್ಯ ಮುಳುಗೋದಿಲ್ವೇ? ನನಗೂ ಒಂದ್ಸಲ ತೋರಿಸಬಾರದೇ?" ಎಂದೆ. ಕಾರ್ಖಾನೆಯಲ್ಲಿ ಸಂಬಳ ಹೆಚ್ಚಿದ ದಿನವೂ ಇವರ ಮುಖ ಅಷ್ಟು ಅರಳಿರಲಿಲ್ಲ.

ಊಟಿಗೆ ಸಮನಾದ ಜಾಗ ಹುಣಸೂರಿನಲ್ಲಿ ಹುಡುಕಬೇಕಾಯಿತು. ಇವರು ಊರೆಲ್ಲ ಸುತ್ತಿ ಬಂದು ಕೆರೆಯ ಏರಿಯೇ ಸರಿ ಎಂದರು. ನೀರಿನಲ್ಲೊಂದು ಸೂರ್ಯ, ಮೇಲೊಂದು ಸೂರ್ಯ, ಒಂದೇ ಖರ್ಚಿಗೆ ಎರಡು. ಅತ್ತೆಯವರಿಗೆ ದೇವಸ್ಥಾನಕ್ಕೆ ಹೋಗುತ್ತೇವೆ ಎಂದು ಹೇಳಿದೆವು. "ಹೋಗಿಬನ್ನಿ, ದೀಪ ನಾನೇ ಹಚ್ತೀನಿ" ಎಂದರೇನೋ ಹೌದು, ಮುಖ ಮಾತ್ರ ಹುಳ್ಳಗಾಯಿತು. ವಯಸ್ಸಾದವರಿಗೆ ಕೆಲಸ ಹೆಚ್ಚಾಯಿತಲ್ಲ ಎಂದು ನನಗೆ ಸಂಕೋಚವಾಯಿತು.

ಏರಿಯ ಮೇಲೆ ಹತ್ತಿದಮೇಲೆ ತಿಳಿಯಿತು: ಊರಿನ ಗಂಡಸರೆಲ್ಲ ಆ ಹೊತ್ತಿಗೆ ಚೊಂಬು ಹಿಡಿದು ಬರುವುದು ಅಲ್ಲಿಗೇ. ಇವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಸೂರ್ಯನ ಭರದಲ್ಲಿ ಮರೆತಿದ್ದರು. "ಇವಳೇ, ಆ ಕಡೆ ನೋಡಬೇಡ" ಎಂದರು. ಈ ಕಡೆ ತಿರುಗಿದೆ. "ಈ ಕಡೆಯೂ ಬೇಡ" ಎಂದರು. ನಾನು ಸೆರಗು ಎಳೆದುಕೊಂಡು ನೆಲ ನೋಡುತ್ತಾ ನಿಂತೆ. ಅಷ್ಟರಲ್ಲಿ ನಮ್ಮ ಮನೆಗೆ ಹಾಲು ಹಾಕುವ ನಿಂಗೇಗೌಡ ಪೊದೆಯ ಮರೆಯಿಂದ ಎದ್ದು, ಚೊಂಬನ್ನು ಬೆನ್ನ ಹಿಂದೆ ಹಿಡಿದುಕೊಂಡು ಓಡಿಬಂದ.

"ಏನ್ ಬುದ್ದಿ, ಈ ಒತ್ನಲ್ಲಿ ಅಮ್ಮಾರ್ನೂ ಕರ್ಕಂಡ್ ಬಂದಿದ್ದೀರಿ? ಅಸ ತಪ್ಪುಸ್ಕತ್ತಾ?"

"ಇಲ್ಲಪ್ಪ, ಸುಮ್ನೆ ಸೂರ್ಯನ್ನ ನೋಡೋಣ ಅಂತ."

ನಿಂಗೇಗೌಡ ಗಾಬರಿಯಿಂದ ಆಕಾಶ ನೋಡಿದ. "ಯಾಕ್ ಬುದ್ದಿ? ಏನಾಗದೆ ಅವುಂಗೆ?"

ಏನೂ ಆಗಿಲ್ಲವೆಂದು ಇವರು ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಏನೂ ಆಗದಿದ್ದರೆ ಹೆಂಡತಿಯನ್ನು ಕಟ್ಟಿಕೊಂಡು ಕೆರೆ ಏರಿಯವರೆಗೆ ನಡೆದು ಬರುವ ಗುಮಾಸ್ತರುಂಟೇ? ಮಾರನೆಯ ಬೆಳಗ್ಗೆ ಹಾಲಿನ ಜೊತೆಗೆ ಅವನು ಮನೆಮನೆಗೂ ಸುದ್ದಿ ಹಾಕಿದ: "ಕಾರ್ಖಾನೆ ಬುದ್ಯೋರ್ಗೆ ದೊರೆ ಕಡೆಯಿಂದ ಗೊತ್ತಾಗದೆ ಕಣ್ರವ್ವಾ, ಸೂರ್ಯಂಗೆ ಗ್ರಾಣ ಇಡೀತದಂತೆ. ಬಾಯ್ಬುಡ್ತಾ ಇಲ್ಲ." ಪಕ್ಕದ ಮನೆಯವರು ಉಪ್ಪಿನಕಾಯಿ ಜಾಡಿಗಳಿಗೆಲ್ಲ ದರ್ಭೆ ಹಾಕಿ ಕೂತರು. "ಅಮಾವಾಸ್ಯೆಯೇ ಇನ್ನೂ ದೂರ ಇದೆ, ಗ್ರಹಣ ಎಲ್ಲಿಂದ ಹಿಡಿಯತ್ತೆ?" ಎಂದು ಅತ್ತೆಯವರು ಪಂಚಾಂಗ ತೋರಿಸಿ ಸಮಾಧಾನ ಮಾಡಬೇಕಾಯಿತು. ನಾವು ಯಾವ ದೇವಸ್ಥಾನಕ್ಕೆ ಹೋಗಿದ್ದೆವೆಂದು ಮಾತ್ರ ಅವರು ಕೇಳಲಿಲ್ಲ.

ಎರಡನೆಯ ಸಲ ಇವರು ಪಿರಿಯಾಪಟ್ಟಣದ ರಸ್ತೆಯ ಕಡೆಯ ಮುಸಾಫರಿ ಬಂಗಲೆ ಗೊತ್ತುಮಾಡಿದರು. ದಿಣ್ಣೆಯ ಮೇಲಿನ ಬಂಗಲೆ, ಎದುರಿಗೆ ಬಯಲು, ಬಯಲಿನ ತುದಿಯಲ್ಲಿ ಕೊಡಗಿನ ಬೆಟ್ಟಗಳ ಗೆರೆ. ಬಂಗಲೆ ನೋಡಿಕೊಳ್ಳುವ ಮೇಟಿ ಗೌಸ್ ಸಾಹೇಬರು ಇವರ ಸ್ನೇಹಿತರು. ಅಂಗಳದಲ್ಲಿ ಎರಡು ಕುರ್ಚಿ ಹಾಕಿಸಿದ್ದರು. ಮೇಜಿನ ಮೇಲೆ ಹೂದಾನಿ ಬೇರೆ.

"ಕೂತ್ಕೊಳ್ರೀ ಅಮ್ಮಾ. ಡೆಪ್ಯೂಟಿ ಕಮಿಷನರ್ ಸಾಹೇಬ್ರು ಕೂತಿದ್ದ ಕುರ್ಚಿ. ಏನೂ ಕಚ್ಚಲ್ಲ" ಎಂದರು.

ನಾನು ಅದುವರೆಗೆ ಕುರ್ಚಿಯ ಮೇಲೆ ಕೂತವಳೇ ಅಲ್ಲ. ಅದರಲ್ಲೂ ಗಂಡನ ಪಕ್ಕದಲ್ಲಿ, ಸಮಸಮನಾಗಿ, ಬಟ್ಟಬಯಲಿನಲ್ಲಿ! ತುದಿಯಲ್ಲಿ ಕೂತರೆ ಕುರ್ಚಿ ಮುಂದಕ್ಕೆ ವಾಲುತ್ತದೆ, ಒರಗಿ ಕೂತರೆ ಕಾಲು ನೆಲ ಮುಟ್ಟುವುದಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಜಟಕಾ ನಿಂತಿತು. ಹಿಂದೆ ಬಂದ ಎರಡು ಗಾಡಿಗಳೂ ನಿಂತವು. ಅವರೆಲ್ಲ ಮುಳುಗುವ ಸೂರ್ಯನಿಗೆ ಬೆನ್ನು ಹಾಕಿ ನನ್ನನ್ನೇ ನೋಡುತ್ತಿದ್ದರು. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ. ನನ್ನ ಕಾಲುಂಗುರವನ್ನು ಅಷ್ಟು ಹೊತ್ತು ನಾನು ಹಿಂದೆಂದೂ ನೋಡಿರಲಿಲ್ಲ. ಕೊನೆಗೆ ಪಕ್ಕದಿಂದ "ಆಹಾ" ಎಂದು ಕೇಳಿಸಿತು. ಮುಗಿಯಿತು ಎಂದು ಗೊತ್ತಾಯಿತು.

ಮನೆಗೆ ಬರುವ ದಾರಿಯಲ್ಲಿ, "ಹೇಗಿತ್ತು?" ಎಂದರು.

"ಬಹಳ ಚೆನ್ನಾಗಿತ್ತು."

"ಏನು ಚೆನ್ನಾಗಿತ್ತು?"

"ಅದೇ... ಕೆಂಪು."

ಇವರು ನಿಂತುಬಿಟ್ಟರು. "ಇವತ್ತು ಕೆಂಪಾಗಲೇ ಇಲ್ಲ. ಮೋಡ ಅಡ್ಡ ಬಂದು ಬರೀ ಬೂದಿಬಣ್ಣ. ಅದರಲ್ಲೂ ಒಂದು ಚೆಂದ ಇತ್ತು." ಮತ್ತೆ ಹೆಜ್ಜೆ ಹಾಕುತ್ತಾ, "ಹೋಗಲಿ ಬಿಡು. ನಿನಗೆ ತೊಂದರೆ ಕೊಟ್ಟೆ" ಎಂದರು. ಸಿಟ್ಟು ಮಾಡಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ಆ ಮೆತ್ತನೆಯ "ಬಿಡು" ಬಹಳ ಚುಚ್ಚಿತು. ಅಂದಿನಿಂದ ಇವರು ಸೂರ್ಯನ ಮಾತು ಜಗಲಿಯಲ್ಲಿ ಆಡುವರು, ಒಳಗೆ ಆಡುವುದಿಲ್ಲ. ಸಂಜೆಯಾದರೆ ಒಬ್ಬರೇ ಬಂಗಲೆಯ ಕಡೆ ಹೊರಟುಹೋಗುವರು. ನನಗೆ ಮನೆಯಲ್ಲಿ ಯಾವುದೋ ಒಂದು ಕೋಣೆಗೆ ಬೀಗ ಹಾಕಿದ ಹಾಗಾಯಿತು.

ಹೀಗೆ ಕೆಲವು ದಿನ ಕಳೆಯಿತು. ಒಂದು ಮಧ್ಯಾಹ್ನ ಜೋರು ಮಳೆ ಬಂದು ಸಂಜೆಗೆ ಬಿಟ್ಟಿತು. ಅತ್ತೆಯವರು ಎಂದಿನಂತೆ ಬುಟ್ಟಿ ಹಿಡಿದು, ಬಾಗಿಲು ಎಳೆದುಕೊಂಡು ಹೋದರು. ನಾನು ಬತ್ತಿ ಹೊಸೆದು ಎಣ್ಣೆ ಹಾಕಿ ಕಾದೆ. ಹೂವಿಲ್ಲ. ಮುಂಬಾಗಿಲಿಗೆ ಹೋಗಿ ನೋಡಿದೆ, ಬರಲಿಲ್ಲ. ಮುಚ್ಚಿದ ಬಾಗಿಲ ಹತ್ತಿರ ನಿಂತು "ಅತ್ತೇ" ಎಂದು ಕೂಗಿದೆ, ಉತ್ತರವಿಲ್ಲ. ಬಾವಿಕಟ್ಟೆಯ ಪಾಚಿ, ಅವರ ಮಂಡಿ ಎಲ್ಲ ಒಟ್ಟಿಗೆ ನೆನಪಾಯಿತು. ಲಕ್ಷ್ಮಿ ಹೋದರೆ ಹೋಗಲಿ ಎಂದು ಬಾಗಿಲು ತೆರೆದು ಓಡಿದೆ.

ಬಾವಿಯ ಹತ್ತಿರ ಯಾರೂ ಇರಲಿಲ್ಲ. ಹೂವಿನ ಬುಟ್ಟಿ ಒಗೆಯುವ ಕಲ್ಲಿನ ಮೇಲಿತ್ತು. ಅತ್ತೆಯವರು ಬಿದ್ದ ಗೋಡೆಯ ಬಾಯಲ್ಲಿ, ಕುಂಬಳದ ಬಳ್ಳಿಯ ಪಕ್ಕದಲ್ಲಿ ಒಂದು ಕೈ ಊರಿಕೊಂಡು ನಿಂತಿದ್ದರು. ಬೀದಿಯ ತುದಿಯವರೆಗೆ ನೆಂಟರು ಹೋಗುವುದನ್ನು ನೋಡುತ್ತಾ ನಿಲ್ಲುತ್ತಾರಲ್ಲ, ಹಾಗೆ. ನನ್ನ ಹೆಜ್ಜೆ ಕೇಳಿ, ತಿರುಗದೆಯೇ, "ಬಂದ್ಯಾ? ಮಾತಾಡ್ಬೇಡ. ಹೊರಟ" ಎಂದರು.

ನಾನು ತಲೆ ಎತ್ತಿದೆ. ಗದ್ದೆ ಬಯಲು, ಅದರಾಚೆ ಲಕ್ಷ್ಮಣತೀರ್ಥದ ಹೊಳೆ, ಅದರಾಚೆ ಮಳೆ ತೊಳೆದಿಟ್ಟ ಕೊಡಗಿನ ಬೆಟ್ಟ. ಹೊಳೆಯ ನೀರು ಹುಳಿ ಹಾಕಿ ಬೆಳಗಿದ ತಾಮ್ರದ ಹಂಡೆಯ ಹಾಗಿತ್ತು. ಸೂರ್ಯ ಬೆಟ್ಟದ ಮೇಲೆ ಒಂದು ಗಳಿಗೆ ಕೂತು, ಆಮೇಲೆ ಅವಸರವಿಲ್ಲದೆ ಇಳಿದ. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಕಾಲು ನೆಲದ ಮೇಲಿತ್ತು. ಇವರು ಇಷ್ಟು ದಿನ ಹೇಳುತ್ತಿದ್ದದ್ದು ಇದನ್ನೇ ಎಂದು ತಿಳಿಯಿತು.

"ನಾನು ಬಂದ ಹೊಸದರಲ್ಲಿ ನಮ್ಮತ್ತೆ ಹೂವಿಗೆ ಅಂತ ಕಳಿಸೋರು" ಎಂದರು ಅತ್ತೆಯವರು. "ಆಗ ಗೋಡೆ ಇತ್ತು, ಕಲ್ಲು ಹತ್ತಿ ಇಣುಕ್ತಿದ್ದೆ. ದಿನದಲ್ಲಿ ನನ್ನನ್ನ ಯಾರೂ ಏನೂ ಕೇಳದ ಹೊತ್ತು ಅಂದ್ರೆ ಇದೊಂದೇ. ಗೋಡೆ ಬಿತ್ತು ನೋಡು, ದೇವರೇ ಬೀಳಿಸಿದ. ನೀವಿಬ್ರೂ ಕೆರೆ, ಬಂಗಲೆ ಅಂತ ಸುತ್ತಿ ನನಗೆ ಎರಡು ದಿನ ತಪ್ಪಿಸಿದ್ರಿ."

"ಇವರಿಗೂ ತೋರಿಸೋಣ ಅತ್ತೆ. ಎಷ್ಟು ಸಂತೋಷಪಡ್ತಾರೆ!"

ಅತ್ತೆಯವರು ಮೊದಲ ಸಲ ನನ್ನ ಕಡೆ ತಿರುಗಿದರು. "ಬೇಡ ಕಣೇ, ನಿನ್ನ ದಮ್ಮಯ್ಯ. ಅವನು ಕುರ್ಚಿ ಹಾಕಿಸಿಬಿಡ್ತಾನೆ."

ಅಂದು ದೀಪ ತಡವಾಯಿತು, ಹಿತ್ತಲ ಬಾಗಿಲು ತೆರೆದೇ ಇತ್ತು. ಲಕ್ಷ್ಮಿಯೂ ಬಹುಶಃ ನಮ್ಮ ಜೊತೆಗೇ ನಿಂತು ನೋಡಿರಬೇಕು, ಮನೆಗೇನೂ ಕೊರತೆಯಾಗಲಿಲ್ಲ. ಯಜಮಾನರು ಬಂಗಲೆಯಿಂದ ಓಡೋಡಿ ಬಂದು, ಅಭ್ಯಾಸ ಮರೆತು ಒಳಗೇ ಕೂಗಿದರು: "ಇವಳೇ, ಇವತ್ತು ನೀನು ನೋಡಬೇಕಾಗಿತ್ತು! ಆ ಬಣ್ಣ!"

"ತಾಮ್ರದ ಹಂಡೆ ಬೆಳಗಿದ ಹಾಗಿತ್ತೇ?" ಎಂದೆ.

ಇವರು ಬೆರಗಾಗಿ ನನ್ನನ್ನೇ ನೋಡಿದರು. "ಸರಿಯಾಗಿ ಹೇಳಿದೆ! ಹೇಗೆ ಗೊತ್ತಾಯ್ತು?"

"ನೀವು ವರ್ಣಿಸೋ ರೀತಿ ಹಾಗಿದೆ" ಎಂದೆ. ಆ ರಾತ್ರಿ ಇವರು ಎರಡು ಸಲ ಹುಳಿಯನ್ನ ಹಾಕಿಸಿಕೊಂಡರು.

ಈಗ ಅತ್ತೆಯವರಿಲ್ಲ. ಸಂಜೆಮಲ್ಲಿಗೆ ಬಿಡಿಸುವ ಕೆಲಸ ನನ್ನದು, ದೀಪ ಹಚ್ಚುವುದು ಸೊಸೆಯದು. ಯಜಮಾನರು ಕೆಲಸ ಬಿಟ್ಟು ಮನೆಯಲ್ಲೇ ಇದ್ದಾರೆ. ದಿನವೂ ಸಂಜೆ ಪೂರ್ವದ ಜಗಲಿಯಲ್ಲಿ ಕೂತು ಊಟಿಯ ಸೂರ್ಯನನ್ನು ಮುಳುಗಿಸುತ್ತಾರೆ. ಅದೇ ಹೊತ್ತಿಗೆ ಅವರ ಬೆನ್ನ ಹಿಂದೆ, ಎರಡು ಕೋಣೆ ದಾಟಿ, ಹುಣಸೂರಿನ ಸೂರ್ಯ ನಮ್ಮ ಗೋಡೆಯ ಬಾಯಲ್ಲಿ ಇಳಿಯುತ್ತಿರುತ್ತಾನೆ. ಒಂದೊಂದು ದಿನ ಇವರನ್ನು ಕರೆದುಬಿಡೋಣ ಎನ್ನಿಸುತ್ತದೆ. ಕುರ್ಚಿ ನೆನಪಾಗುತ್ತದೆ.

ಮೊನ್ನೆ ಸೊಸೆ ನನ್ನ ಮಗನ ಹತ್ತಿರ ಹೇಳುತ್ತಿದ್ದಳು: "ಏನೂಂದ್ರೆ, ಅತ್ತೆಗೆ ಮಂಡಿನೋವು ಜಾಸ್ತಿ ಆಗಿದೆ. ನಾಲ್ಕು ಹೂ ಬಿಡಿಸೋಕೆ ಎಷ್ಟು ಹೊತ್ತು ಮಾಡ್ತಾರೆ, ಪಾಪ." ಮಗ ಮರುಕಪಟ್ಟು ನೀಲಗಿರಿ ಎಣ್ಣೆ ತಂದುಕೊಟ್ಟ. ನಾನು ಹಚ್ಚಿಕೊಂಡೆ. ಅಲ್ಲಿಗೆ ಬಿಡದೆ, ಎಮ್ಮೆಗಳ ಕಾಟ ಹೆಚ್ಚಾಯಿತು, ಈ ವಾರ ಗಾರೆಯವನನ್ನು ಕರೆಸಿ ಗೋಡೆ ಕಟ್ಟಿಸುತ್ತೇನೆ ಎಂದ. "ಕುಂಬಳದ ಬಳ್ಳಿ ಹಬ್ಬಿದೆ ಕಣೋ, ಈಗ ಬೇಡ" ಎಂದು ನನ್ನ ಬಾಯಿಗೆ ತಾನಾಗಿ ಬಂತು. ಮಗ ಹಿತ್ತಲ ಕಡೆ ಹೋಗುವವನಲ್ಲ, ಒಪ್ಪಿಕೊಂಡ. ಆದರೆ ಹೋದ ಬೇಸಿಗೆಯಲ್ಲೇ ಒಣಗಿಹೋದ ಆ ಬಳ್ಳಿಯನ್ನು ಕಿತ್ತು ಒಲೆಗೆ ಹಾಕಿದವಳು ನಾನೇ. ನಾಳೆ ಬೆಳಗ್ಗೆ ಎದ್ದ ಕೂಡಲೇ ಬೀಜ ಹಾಕಬೇಕು.